ಎಲ್ಡನ್ ರಿಂಗ್ ಕಥೆಗೂ ಜಾರ್ಜ್ ಆರ್. ಆರ್. ಮಾರ್ಟಿನ್ ಕಾದಂಬರಿಗಳಿಗೂ ಏನು ಹೋಲಿಕೆ?

ಹೋಲಿಕೆ ಚೆನ್ನಾಗೇ ಇದೆ, ಅದಕ್ಕೆ ಕಾರಣವೂ ಇದೆ. 2022ರಲ್ಲಿ ಬಂದ ಈ ವಿಡಿಯೋ ಗೇಮ್ ಆಟದ ಹಿನ್ನೆಲೆ ಪುರಾಣವನ್ನು ಬರೆದದ್ದು ಮಾರ್ಟಿನ್ ಅವರೇ. ಅಂದ್ರೆ ನಾವು ಆಡುವ ಕಥೆಯಲ್ಲ, ಅದಕ್ಕಿಂತ ಬಹಳ ಹಿಂದೆ ನಡೆದದ್ದು. ಆಟದ ಕಥೆಯನ್ನು ನಿರ್ದೇಶಕ ಹಿಡೆಟಾಕಾ ಮಿಯಾಝಾಕಿ ಮತ್ತು ಅವರ ತಂಡ ಅದರ ಮೇಲೆ ಕಟ್ಟಿತು. (ಇನ್ನೂ ಆಡಿಲ್ಲ ಅಂದ್ರೆ ಮುಂದೆ ಓದಬೇಡಿ, ಗುಟ್ಟುಗಳು ಬರುತ್ತವೆ.)

ನನಗೆ ಎದ್ದು ಕಾಣುವುದು ಮನೆಯೊಳಗಿನ ಜಗಳ. 1996ರಲ್ಲಿ ಶುರುವಾದ ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಕಾದಂಬರಿ ಸರಣಿಯಲ್ಲಿ ರಾಜ ರಾಬರ್ಟ್ ಸತ್ತ ಮೇಲೆ ಐದು ಜನ ತಾವೇ ರಾಜರು ಅಂತ ಹೊರಡುತ್ತಾರೆ. ಆಟದಲ್ಲಿ ರಾಣಿ ಮಾರಿಕಾಳ ಮಗ ಗಾಡ್ವಿನ್ ಕೊಲೆಯಾಗುತ್ತಾನೆ, ಅವಳು ಲೋಕದ ನಿಯಮವನ್ನೇ ಹಿಡಿದಿಟ್ಟ ಎಲ್ಡನ್ ರಿಂಗನ್ನೇ ಒಡೆದುಹಾಕುತ್ತಾಳೆ, ಆ ಚೂರುಗಳಿಗಾಗಿ ಅವಳ ಸಂತಾನವೇ ಹೊಡೆದಾಡಿಕೊಳ್ಳುತ್ತದೆ. ಯಾರೂ ಗೆಲ್ಲಲ್ಲ. ಅವರಲ್ಲೇ ಇಬ್ಬರಾದ ರಡಾನ್ ಮತ್ತು ಮಲೇನಿಯಾ ಕಾಳಗ ಮುಗಿದಾಗ ಕೇಲಿಡ್ ಅನ್ನುವ ಇಡೀ ಸೀಮೆ ಕೊಳೆತುಹೋಗಿರುತ್ತದೆ. ದೊಡ್ಡವರ ಹಟಕ್ಕೆ ನೆಲ ಬೆಲೆ ತೆರುವುದು ಮಾರ್ಟಿನ್ ಓದುಗರಿಗೆ ಹೊಸದೇನಲ್ಲ, ಅಲ್ವಾ?

ರಕ್ತದ ವಿಷಯವೂ ಹಾಗೇ. ಕಾದಂಬರಿಯ ರಾಜವಂಶವಾದ ಟಾರ್ಗೇರಿಯನ್ನರು ಅಣ್ಣ ತಂಗಿಯರಿಗೇ ಮದುವೆ ಮಾಡಿಸುತ್ತಿದ್ದರು. ಆಟದಲ್ಲಿ ಮಾರಿಕಾ ಮತ್ತು ಅವಳ ಗಂಡ ರಡಗಾನ್ ಅಸಲಿಗೆ ಒಬ್ಬರೇ ವ್ಯಕ್ತಿ, ಅವರಿಗೆ ಹುಟ್ಟಿದ ಅವಳಿಗಳು ಶಾಪ ಹೊತ್ತೇ ಬರುತ್ತಾರೆ.

ಹೇಳುವ ರೀತಿ ಮಾತ್ರ ಪೂರ್ತಿ ಬೇರೆ. ಕಾದಂಬರಿಯಲ್ಲಿ ಪ್ರತಿ ಅಧ್ಯಾಯ ಒಬ್ಬೊಬ್ಬರ ಕಣ್ಣಿಂದ ನಡೆಯುತ್ತದೆ. ಆಟದಲ್ಲಿ ಒಂದು ಕತ್ತಿಯ ವಿವರಣೆ, ಒಂದು ಪಾಳುಗೋಡೆ, ಯಾರೋ ಆಡಿದ ಅರ್ಧ ಮಾತು, ಇವನ್ನೆಲ್ಲ ನಾವೇ ಜೋಡಿಸಿಕೊಳ್ಳಬೇಕು. ನನಗಂತೂ ಇದೇ ಜಾಸ್ತಿ ಇಷ್ಟ.