ಚಂದ್ರನ ಮೇಲೆ ಇಳಿದೆವು, ನಮ್ಮದೇ ಸಮುದ್ರದ ತಳಕ್ಕೆ ಹೋಗಲು ಯಾಕಿಷ್ಟು ಕಷ್ಟ?

ನಾನು ವಿಜ್ಞಾನಿ ಅಲ್ಲ. ಕೊಪ್ಪಳ ಜಿಲ್ಲೆಯ ಕುಷ್ಟಗಿ ಕಡೆ ಬೋರ್‌ಗೆ ಮೋಟರ್ ಇಳಿಸುವ, ಎತ್ತುವ ಕೆಲಸ ನಂದು. ಸಮುದ್ರ ನೋಡಿದ್ದು ಒಂದೇ ಸಲ, ಗೋಕರ್ಣದಲ್ಲಿ. ನೀರಿಗೆ ಇಳಿದದ್ದು ಮೊಣಕಾಲ ತನಕ. ಆದರೆ ಕಣ್ಣಿಗೆ ಕಾಣದ ಆಳಕ್ಕೆ ಸಾಮಾನು ಇಳಿಸುವ ಕಷ್ಟ ಗೊತ್ತು. ಹಾಗಾಗಿ ಈ ವಿಷಯ ಸಿಕ್ಕಲ್ಲೆಲ್ಲ ಓದುತ್ತೇನೆ.

ಎಲ್ಲರೂ ಮೊದಲು ಹೇಳುವುದು ಒತ್ತಡ. ಪ್ರತಿ 10 ಮೀಟರ್ ಇಳಿದರೆ ನಮ್ಮ ಮೇಲಿನ ಇಡೀ ಗಾಳಿಯ ಭಾರದಷ್ಟು ಒತ್ತಡ ಇನ್ನೊಂದು ಸಲ ಕೂಡುತ್ತದೆ. ಬೋರ್‌ನಲ್ಲಿ 300 ಅಡಿ ನೀರಿನ ಕೆಳಗೆ ಮೋಟರ್ ಕೂತರೆ ಸುಮಾರು ಒಂಬತ್ತು ಪಟ್ಟು. ಅಷ್ಟಕ್ಕೇ, ಕೇಬಲ್ ಜಾಯಿಂಟಿಗೆ ಟೇಪು ಸರಿಯಾಗಿ ಸುತ್ತದಿದ್ದರೆ ನೀರು ಹೊಕ್ಕು ಮೋಟರ್ ಸುಡುತ್ತದೆ. (ನಾನೂ ಒಮ್ಮೆ ಸುಟ್ಟಿದ್ದೇನೆ. ರೈತ ಬೈದದ್ದು ಇನ್ನೂ ಕಿವಿಯಲ್ಲಿದೆ.) 6000 ಮೀಟರ್ ಆಳದಲ್ಲಿ ಒಂದು ಉಗುರಿನಷ್ಟು ಜಾಗದ ಮೇಲೆ ಹತ್ತಿರ ಹತ್ತಿರ 600 ಕೆ.ಜಿ. ಬೀಳುತ್ತದೆ. ಗಂಗಾವತಿ ಲೆಕ್ಕದಲ್ಲಿ 75 ಕೆ.ಜಿ.ಯ ಎಂಟು ಚೀಲ ಭತ್ತ! ಬಾಹ್ಯಾಕಾಶದಲ್ಲಿ ನೌಕೆಯ ಒಳಗೂ ಹೊರಗೂ ಇರುವ ವ್ಯತ್ಯಾಸ ಬರೀ ಒಂದು ಪಟ್ಟು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಮನುಷ್ಯರನ್ನು 6000 ಮೀಟರ್ ಆಳಕ್ಕೆ ಇಳಿಸಲು ರೂಪಿಸಿದ 'ಮತ್ಸ್ಯ 6000' ನೌಕೆಯಲ್ಲಿ, ಮೂವರು ಕೂರುವ ಚೆಂಡಿನಾಕಾರದ ಕೋಣೆಗೆ 80 ಮಿ.ಮೀ. ದಪ್ಪದ ಟೈಟಾನಿಯಂ ಆರಿಸಿರುವುದು ಸುಮ್ನೆ ಅಲ್ಲ.

ಆದರೆ ನನ್ನ ಪ್ರಕಾರ ಇದಕ್ಕಿಂತ ದೊಡ್ಡ ತಲೆನೋವು ಬೇರೆ ಇದೆ. ಕೆಳಗೆ ಏನಾಗುತ್ತಿದೆ ಅಂತ ಮೇಲಿನವರಿಗೆ ಗೊತ್ತಾಗುವುದಿಲ್ಲ. ರೇಡಿಯೊ ಅಲೆ ಉಪ್ಪುನೀರಲ್ಲಿ ಸ್ವಲ್ಪ ದೂರಕ್ಕೇ ಸತ್ತುಹೋಗುತ್ತದೆ. ಮೊಬೈಲ್ ಇಲ್ಲ, ಜಿಪಿಎಸ್ ಇಲ್ಲ. ಉಳಿದದ್ದು ಶಬ್ದ ಒಂದೇ. ಅದು ನೀರಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರ್ ಹೋಗುತ್ತದೆ. ಈಗ ತಮಾಷೆ ನೋಡಿ: 3.84 ಲಕ್ಷ ಕಿ.ಮೀ. ದೂರದ ಚಂದ್ರನಿಂದ ಸುದ್ದಿ ಬರಲು 1.3 ಸೆಕೆಂಡು ಸಾಕು. ಆರೇ ಕಿ.ಮೀ. ಕೆಳಗಿನಿಂದ ಬರಲು ನಾಲ್ಕು ಸೆಕೆಂಡು ಬೇಕು! ಉಪಗ್ರಹದ ರೇಡಾರ್ ಕೂಡ ನೀರನ್ನು ತೂರಿ ತಳ ನೋಡಲಾರದು. ಹಡಗಿನಿಂದ ಶಬ್ದ ಬಿಟ್ಟು, ಪಟ್ಟಿ ಪಟ್ಟಿಯಾಗಿ ಅಳೆಯುತ್ತಾ ಹೋಗಬೇಕು. ಇಷ್ಟು ವರ್ಷಕ್ಕೆ ಸರಿಯಾಗಿ ನಕ್ಷೆ ಆಗಿರುವುದು ಕಡಲತಳದ ಕಾಲು ಭಾಗದ ಆಸುಪಾಸು ಅಷ್ಟೇ.

ಬೆಳಕಿನ ಕಥೆಯೂ ಅದೇ. 1000 ಮೀಟರ್ ದಾಟಿದರೆ ಸೂರ್ಯ ಅನ್ನುವವನೇ ಇಲ್ಲ. ದೀಪ ಒಯ್ದರೂ ಸ್ವಲ್ಪ ದೂರ ಕಂಡರೆ ಜಾಸ್ತಿ.

1960ರಲ್ಲಿ ಜಾಕ್ ಪಿಕಾರ್ಡ್ ಮತ್ತು ಡಾನ್ ವಾಲ್ಶ್ 'ಟ್ರಿಯೆಸ್ಟ್' ಅನ್ನುವ ನೌಕೆಯಲ್ಲಿ, ಸಮುದ್ರದಲ್ಲೇ ಎಲ್ಲಕ್ಕಿಂತ ಆಳದ ಜಾಗವಾದ ಮರಿಯಾನಾ ಕಂದಕಕ್ಕೆ ಇಳಿದರು. ಸುಮಾರು 11 ಕಿ.ಮೀ. ಆಳ. ಇಳಿಯಲು ಐದು ಗಂಟೆ ಹತ್ತಿರ ಹಿಡಿಯಿತು, ದಾರಿಯಲ್ಲಿ ಒಂದು ಕಿಟಕಿ ಬೇರೆ ಬಿರುಕು ಬಿಟ್ಟಿತು. ಅಷ್ಟು ಮಾಡಿ ತಳ ಮುಟ್ಟಿದರೆ ಅಡಿಯ ಸಣ್ಣ ಕೆಸರೆಲ್ಲ ಎದ್ದು ಏನೂ ಕಾಣದಾಯಿತು. ಫೋಟೊ ತೆಗೆಯಲೂ ಆಗಲಿಲ್ಲ. ಇಪ್ಪತ್ತು ನಿಮಿಷ ಇದ್ದು ಮೇಲೆ ಬಂದರು.

ಬೋರ್‌ಗೆ ಕ್ಯಾಮೆರಾ ಬಿಟ್ಟಾಗ ನಮಗೂ ಹೀಗೇ ಆಗುತ್ತದೆ. ರಾಡಿ ಎದ್ದರೆ ಟಿ.ವಿ. ಪೂರ್ತಿ ಕಂದು. ನಾವಾದರೆ ಮರುದಿನ ಬರುತ್ತೇವೆ ಅಂತ ರೈತನಿಗೆ ಹೇಳಿ ಚಹಾ ಕುಡಿದು ಹೊರಡುತ್ತೇವೆ. ಅವರು ಎಲ್ಲಿಗೆ ಹೋಗಬೇಕು, ಅಲ್ವಾ?