ಸ್ಪೈಡರ್‌ಮ್ಯಾನ್ ಗೇಮ್ ಬ್ಯಾಟ್‌ಮ್ಯಾನ್ ಆರ್ಖಮ್ ಸರಣಿಗಿಂತ ಚೆನ್ನಾಗಿದೆಯೇ?

ಓಡಾಟದಲ್ಲಿ ಹೌದು, ಉಳಿದದ್ದರಲ್ಲಿ ನನಗೆ ಆರ್ಖಮ್ ಸರಣಿಯೇ ಜಾಸ್ತಿ ಇಷ್ಟ. ಈ ಮಳೆಗಾಲ ಬದಿಯಡ್ಕದ ಮನೆಯಲ್ಲಿ ತಮ್ಮನೂ ನಾನೂ ಎರಡನ್ನೂ ಮತ್ತೆ ಆಡಿದೆವು.

2018ರ ಸ್ಪೈಡರ್‌ಮ್ಯಾನ್‌ನಲ್ಲಿ ಬಲೆ ಕಟ್ಟಡಕ್ಕೋ ಮರಕ್ಕೋ ಅಂಟಲೇಬೇಕು. ಜೋಕಾಲಿಯ ಹಾಗೆ ತೂಗಿ, ಮೇಲೇರುವಾಗ ಬಟನ್ ಬಿಟ್ಟರೆ ಮುಂದಕ್ಕೆ ಚಿಮ್ಮುತ್ತೀರಿ. ತಮ್ಮ ಮಿಷನ್ ಮರೆತು ಸುಮ್ನೆ ಹಾರಾಡುತ್ತಲೇ ಇದ್ದ!

ಹೊಡೆದಾಟದ ದಾರಿ ತೋರಿಸಿದ್ದು 2009ರ ಆರ್ಖಮ್ ಅಸೈಲಮ್ ಅಲ್ವಾ? ಎದುರಾಳಿ ಹೊಡೆಯಲು ಬರುವ ಗುರುತು ಮಿಂಚಿದಾಗ ಬಟನ್ ಒತ್ತಿದರೆ ಬ್ಯಾಟ್‌ಮ್ಯಾನ್ ತಿರುಗಿ ಹೊಡೆಯುತ್ತಾನೆ, ಸ್ಪೈಡರ್‌ಮ್ಯಾನ್ ತಪ್ಪಿಸಿಕೊಳ್ಳುತ್ತಾನೆ. ಅಡಗಿ ಹಿಡಿಯುವುದರಲ್ಲಂತೂ ಆರ್ಖಮ್‌ಗೆ ಸಾಟಿಯಿಲ್ಲ. ಬಂದೂಕು ಹಿಡಿದವರು ಒಬ್ಬೊಬ್ಬರೇ ಬೀಳುತ್ತಿದ್ದಂತೆ, ಉಳಿದವರ ದನಿ ನಡುಗುತ್ತದೆ. ಸಣ್ಣ ಸದ್ದಾದರೂ ಬೆಚ್ಚಿ ಕತ್ತಲಿಗೇ ಗುಂಡು ಹಾರಿಸುತ್ತಾರೆ.