ಕಣ್ಣೀರು ಬಾರದಿದ್ದರೆ ಭಜನೆ ವ್ಯರ್ಥವೇ?

ಓದುಗರ ಪತ್ರ (ಸಂಕ್ಷಿಪ್ತ): ನಮ್ಮ ಬಡಾವಣೆಯ ಹೆಂಗಸರು ಪ್ರತಿ ಶನಿವಾರ ಸಂಜೆ ಒಂದೂವರೆ ಗಂಟೆ ದೇವರನಾಮ ಹೇಳುತ್ತೇವೆ. ಈಚೆಗೆ ಅದು ಸಂಗೀತ ಸ್ಪರ್ಧೆಯಂತಾಗಿದೆ. ವಯಸ್ಸಾದವರು ಬರೀ ತುಟಿ ಆಡಿಸುತ್ತಾರೆ. ನನಗಂತೂ ಹಾಡುವಾಗ ಕಣ್ಣೀರು ಬರುವುದಿಲ್ಲ, ರೋಮಾಂಚನವೂ ಇಲ್ಲ. “ಪೂಜೆ, ಪಾಠ ಆಗದವರಿಗೆ ಭಜನೆ” ಎಂದು ಮನೆಯ ಹಿರಿಯರು ನಗುತ್ತಾರೆ. ನಾವು ಮಾಡುತ್ತಿರುವುದು ಭಕ್ತಿಯೇ?

ಸಂಪಾದಕರ ಉತ್ತರ: ಹಿರಿಯರ ಮಾತನ್ನು ಮೊದಲು ಮುಗಿಸಿಬಿಡೋಣ. ಭಾಗವತದ ಏಳನೆಯ ಸ್ಕಂಧದಲ್ಲಿ ಪ್ರಹ್ಲಾದ ಒಂಬತ್ತು ಬಗೆಯ ಭಕ್ತಿಯನ್ನು ಎಣಿಸುವಾಗ ಶ್ರವಣ, ಕೀರ್ತನ, ಸ್ಮರಣಗಳನ್ನು ಹೇಳಿಯೇ ಅರ್ಚನಕ್ಕೆ ಬರುತ್ತಾನೆ. ಅದು ಮೇಲುಕೀಳಿನ ಪಟ್ಟಿಯಲ್ಲ ನಿಜ, ಆದರೆ ಕೀರ್ತನೆ ಕೈಲಾಗದವರಿಗೆ ಕೊಟ್ಟ ರಿಯಾಯಿತಿಯೂ ಅಲ್ಲ. ಇನ್ನು ಶಾಸ್ತ್ರಪಾಠದ ವಿಷಯ: ‘ನ್ಯಾಯಾಮೃತ’ದಂಥ ಕಠಿಣ ವೇದಾಂತ ಗ್ರಂಥ ಬರೆದ ವ್ಯಾಸರಾಯರೇ ಕನ್ನಡದಲ್ಲಿ ಪದಗಳನ್ನೂ ಕಟ್ಟಿದರು. ಅವರಿಗೆ ಪಾಠ ಆಗುತ್ತಿರಲಿಲ್ಲವೇ?

ಕಣ್ಣೀರಿನ ಪ್ರಶ್ನೆ ಅಷ್ಟು ಸುಲಭದ್ದಲ್ಲ. ಮಧ್ವಾಚಾರ್ಯರು ಮಹಾಭಾರತ ತಾತ್ಪರ್ಯ ನಿರ್ಣಯದಲ್ಲಿ ಭಕ್ತಿಯ ಲಕ್ಷಣ ಹೇಳುತ್ತಾರೆ: ಮೊದಲು ದೇವರ ಮಹಿಮೆಯ ಅರಿವು, ಆಮೇಲೆ ಆ ಅರಿವಿನ ಬೆನ್ನಿಗೆ ಮಿಕ್ಕೆಲ್ಲಕ್ಕಿಂತ ಹೆಚ್ಚಾದ, ಗಟ್ಟಿಯಾದ ಸ್ನೇಹ. ಮಧ್ವರ ಗ್ರಂಥಗಳಿಗೆ ಟೀಕೆ ಬರೆದ ಜಯತೀರ್ಥರು ನ್ಯಾಯಸುಧೆಯಲ್ಲಿ ಇದನ್ನು ಬಿಡಿಸಿ, ಸಾವಿರ ಅಡ್ಡಿ ಬಂದರೂ ತಡೆಯದ ಪ್ರೇಮಪ್ರವಾಹ ಎನ್ನುತ್ತಾರೆ. ಈ ಎರಡು ಲಕ್ಷಣಗಳಲ್ಲೂ ಕಣ್ಣೀರು ಒಂದು ಷರತ್ತಾಗಿ ಬಂದಿಲ್ಲ. ಬಂದರೆ ಬರಲಿ, ಒಳ್ಳೆಯ ರಾಗಕ್ಕೆ, ಅರ್ಥವೇ ತಿಳಿಯದ ಹಾಡಿಗೂ ಅದು ಬರುತ್ತದೆ. ನಿಮ್ಮ ಮಂಡಳಿಯಲ್ಲಿ ಕೊರತೆಯಿದ್ದರೆ ಅದು ಮೊದಲ ಅರ್ಧದಲ್ಲಿ, ಅಂದರೆ ಅರಿವಿನಲ್ಲಿ ಇರಬಹುದು ಎಂಬುದು ನಮ್ಮ ಅನುಮಾನ.

ಆದ್ದರಿಂದ ಆ ಒಂದೂವರೆ ಗಂಟೆಯಲ್ಲಿ ಇಪ್ಪತ್ತು ನಿಮಿಷ ಹಾಡದೆ ಇರಿ. ಮಾನ್ವಿಯ ಜಗನ್ನಾಥದಾಸರ ಹರಿಕಥಾಮೃತಸಾರ 32 ಸಂಧಿಗಳ (ಅಧ್ಯಾಯಗಳ) ಗ್ರಂಥ. ವಾರಕ್ಕೊಂದು ಸಂಧಿ ಓಡಿಸಿದರೆ ಎಂಟು ತಿಂಗಳಿಗೆ ಮುಗಿಯುತ್ತದೆ, ಮನಸ್ಸಿನಲ್ಲಿ ಏನೂ ಉಳಿಯುವುದಿಲ್ಲ. ಮಂಗಳಾಚರಣೆಯಾದ ಮೇಲೆ ಕರುಣಾಸಂಧಿಯನ್ನು ಹಿಡಿದು, ವಾರಕ್ಕೆ ನಾಲ್ಕೇ ಪದ್ಯ ನೋಡಿ. ಇದು ಭಾಮಿನಿ ಷಟ್ಪದಿ. ಮೂರು–ನಾಲ್ಕು ಮಾತ್ರೆಯ ಗಣಗಳ ನಡಿಗೆಯಲ್ಲಿ ಹಾಡಿದಾಗ ಪದಗಳು ಎಲ್ಲೆಂದರಲ್ಲಿ ತುಂಡಾಗುತ್ತವೆ, ಎಷ್ಟೋ ಕಡೆ ಒಂದು ಸಾಲಿನ ಪದ ಮುಂದಿನ ಸಾಲಿಗೆ ಜಾರುತ್ತದೆ. ಬಾಯಿಪಾಠವಿದ್ದರೂ ಅರ್ಥ ಹತ್ತದಿರುವುದಕ್ಕೆ ಇದೇ ಕಾರಣ. ಮೊದಲು ರಾಗವಿಲ್ಲದೆ ಪದ ಬಿಡಿಸಿ ಓದಿ, ಕ್ರಿಯಾಪದ ಹುಡುಕಿ, ಆಮೇಲೆ ಹಾಡಿ. ಆರೂ ಸಾಲುಗಳ ಎರಡನೆಯ ಅಕ್ಷರದಲ್ಲಿ ಪ್ರಾಸವಿರುತ್ತದೆ. ಬೇರೆ ಪದ್ಯದ ಸಾಲು ನುಸುಳಿದರೆ ಅಲ್ಲೇ ಸಿಕ್ಕಿಬೀಳುತ್ತದೆ.

ವಯಸ್ಸಾದವರು ಸುಮ್ಮನಾಗುವುದಕ್ಕೆ ಭಕ್ತಿಯ ಕೊರತೆ ಕಾರಣವಲ್ಲ, ಶ್ರುತಿ ಕಾರಣ. ಸಂಗೀತ ಕಲಿತವರು ತಮಗೆ ಹಿತವಾದ ಐದೂವರೆ ಮನೆಯ ಎತ್ತರದ ಶ್ರುತಿಗೆ ಶ್ರುತಿಪೆಟ್ಟಿಗೆ ಇಡುತ್ತಾರೆ. ಅರವತ್ತು ದಾಟಿದ ಕಂಠಕ್ಕೆ ಅಲ್ಲಿ ತಾರಸ್ಥಾಯಿ ಎಟಕುವುದಿಲ್ಲ. ನಾಲ್ಕಕ್ಕೆ ಇಳಿಸಿ ನೋಡಿ. ಇನ್ನೊಂದು ರೋಗ ಓಟ: ಪಲ್ಲವಿಯಲ್ಲಿ ನಿಧಾನವಾಗಿದ್ದ ತಾಳ ಮೂರನೆಯ ಚರಣಕ್ಕೆ ದೌಡಾಯಿಸುತ್ತದೆ. ಹಿಂದೆ ಹೇಳುವವರ ಕೊನೆಯ ಅಕ್ಷರ ಮುಗಿಯುವ ಮೊದಲೇ ಮುಂದಾಳು ಮುಂದಿನ ಸಾಲು ಎತ್ತಿಕೊಳ್ಳುವುದೇ ಇದರ ಮೂಲ. ಉಸಿರಿಗೆ ಎಡೆ ಸಿಗದೆ ಎಲ್ಲರೂ ಓಡುತ್ತಾರೆ. ತಾಳ ಒಬ್ಬರ ಕೈಯಲ್ಲೇ ಇರಲಿ. ಇಪ್ಪತ್ತು ಜನರ ಕೋಣೆಗೆ ಮೈಕ್ ಬೇಡವೇ ಬೇಡ.

ಹೊತ್ತು ಸಾಲದೆಂದು ಚರಣ ಹಾರಿಸುವವರಿದ್ದಾರೆ. ದಶಾವತಾರದ ಪದದಲ್ಲಿ ಹಾಗೆ ಮಾಡಿದರೆ ಮತ್ಸ್ಯ, ಕೂರ್ಮರ ಬೆನ್ನಿಗೇ ಕಲ್ಕಿ ಕುದುರೆ ಏರಿ ಬಂದುಬಿಡುತ್ತಾನೆ! ಒಂದು ದೇವರನಾಮ ಕಡಿಮೆ ಹೇಳಿ, ಹೇಳಿದ್ದನ್ನು ಪೂರ್ತಿ ಹೇಳಿ. ಅಂಕಿತವಿರುವ ಚರಣವನ್ನಂತೂ ಬಿಡಬೇಡಿ. ಪುರಂದರವಿಠಲ, ಕಾಗಿನೆಲೆಯಾದಿಕೇಶವ, ಹಯವದನ, ಹೆಳವನಕಟ್ಟೆ ರಂಗ—ಯಾರ ಪದವೆಂದು ತಿಳಿಯುವುದೇ ಅಲ್ಲಿ.

ಇನ್ನು ಸ್ಪರ್ಧೆಗಿಳಿದ ಆ ಒಳ್ಳೆಯ ಕಂಠದವರನ್ನು ದೂರ ಮಾಡಬೇಡಿ. ಪುಷ್ಯ ಅಮಾವಾಸ್ಯೆಗೆ ಪುರಂದರದಾಸರ ಆರಾಧನೆ ಬರುತ್ತದೆ. ಆ ದಿನಕ್ಕೆ ವಿಜಯದಾಸರ ಒಂದು ಸುಳಾದಿ ಸಿದ್ಧಮಾಡಲು ಅವರಿಗೆ ಹೇಳಿ. ಹದಿನಾಲ್ಕು ಎಣಿಕೆಯ ಧ್ರುವ, ಏಳರ ತ್ರಿಪುಟ, ನಾಲ್ಕರ ಏಕ ಎಂದು ಖಂಡಕ್ಕೊಂದು ತಾಳ ಬದಲಾಗುವ ರಚನೆಗೆ ಅಭ್ಯಾಸವಾದ ಕಂಠವೇ ಬೇಕು. ಉಳಿದವರು ಕೇಳಲಿ, ಶ್ರವಣವೂ ಭಕ್ತಿಯೇ. ಕೊನೆಯಲ್ಲಿ ಬರುವ ‘ಜತೆ’ ಎಂಬ ಎರಡು ಸಾಲಿನ ಮುಕ್ತಾಯವನ್ನು ಎಲ್ಲರೂ ಸೇರಿ ಹೇಳಬಹುದು.